ನಾಯಿಯ ವಸಡು, ಡಬ್ಬಿಯ ಪುಡಿ

ನಾಯಿಯ ಬಾಯಿ ನಾರುವುದು ಸೃಷ್ಟಿನಿಯಮವೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಹಸುವಿನ ಉಸಿರಿಗೆ ಹುಲ್ಲಿನ ವಾಸನೆ ಇರುವಂತೆ ನಾಯಿಯ ಉಸಿರಿಗೆ ದುರ್ವಾಸನೆ ಇರುತ್ತದೆ, ಅದಕ್ಕೇನು ಮಾಡಲಾದೀತು ಎಂಬ ಧೋರಣೆ. ಆದರೆ ಆರೋಗ್ಯವಂತ ನಾಯಿಯ ಬಾಯಿಗೆ ಆಗತಾನೆ ತಿಂದ ಆಹಾರದ ವಾಸನೆಯನ್ನು ಬಿಟ್ಟರೆ ಹೇಳಿಕೊಳ್ಳುವಂಥ ನಾತ ಇರುವುದಿಲ್ಲ. ಹತ್ತಿರ ಕೂತಾಗ ಮುಖ ತಿರುಗಿಸುವಷ್ಟು ನಾತ ಬರುತ್ತಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ಅದರ ವಸಡು ಕೊಳೆಯುತ್ತಿದೆ ಎಂದೇ ತಿಳಿಯಬೇಕು. ಮೂರು ವರ್ಷ ದಾಟಿದ ಬಹುಪಾಲು ನಾಯಿಗಳಲ್ಲಿ ಈ ರೋಗ ಒಂದಲ್ಲ ಒಂದು ಹಂತದಲ್ಲಿ ಇದ್ದೇ ಇರುತ್ತದೆಂದು ಪಶುವೈದ್ಯರು ಹೇಳುತ್ತಾರೆ. ನಾಯಿಗಳಿಗೆ ಬರುವ ಕಾಯಿಲೆಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದ ಕಾಯಿಲೆಗಳಲ್ಲಿ ಇದೂ ಒಂದು.

ನಾನಿರುವ ಕರ್ನೂಲು ಜಿಲ್ಲೆಯ ಚಿಪ್ಪಗಿರಿ ಕಡೆಯಲ್ಲಾಗಲಿ, ಕಾಸರಗೋಡಿನ ಕಡೆಯಲ್ಲಾಗಲಿ, ಹಿಂದೆ ನಾಯಿ ಎಂದರೆ ಅಂಗಳದ ಕಾವಲಿನದು. ಈಗ ಅದು ಜಗಲಿ ಹತ್ತಿ ನಡುಮನೆಗೂ ಬಂದಿದೆ. ಅದರೊಂದಿಗೆ ಔಷಧದಂಗಡಿಯ ಕಪಾಟಿಗೆ ನಾಯಿಯ ಚಿತ್ರವಿರುವ ಡಬ್ಬಿಗಳೂ ಬಂದಿವೆ. ಸುಣ್ಣದ ಪುಡಿ, ಜೀವಸತ್ವದ ದ್ರವ, ಕಡಲಕಳೆಯ ಪುಡಿ, ನೀರಿಗೆ ಬೆರೆಸುವ ಔಷಧ, ಜಗಿಯುವ ಕಡ್ಡಿ. ನಾಯಿಯ ಹಲ್ಲು ಹಳದಿಯಾಗಿದೆ, ಬಾಯಿ ನಾರುತ್ತಿದೆ ಎಂದರೆ ಅಂಗಡಿಯಾತ ಇವುಗಳಲ್ಲೊಂದನ್ನು ತೆಗೆದುಕೊಡುತ್ತಾನೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ; ಓದಿ ಹೇಳಬೇಕಾದವರು ಮನೆಯ ಮಕ್ಕಳು.

ಈ ಪುಡಿಗಳಿಂದ ವಸಡಿನ ರೋಗ ವಾಸಿಯಾಗುತ್ತದೆಯೇ? ಆಹಾರಕ್ಕೆ ಬೆರೆಸಿದ ಒಂದು ಚಿಟಿಕೆ ವಸ್ತುವಿನಿಂದ ನಾಯಿಯ ಬಾಯಿಯ ಹುಣ್ಣು ಮಾಯವಾಗಿ, ಸಾಯುತ್ತಿದ್ದ ನಾಯಿ ಎದ್ದುನಿಂತದ್ದು ಚರಿತ್ರೆಯಲ್ಲಿ ಉಂಟು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ದಖ್ಖನಿನ ಜೋಳಕ್ಕೆ ಸಂಬಂಧಿಸಿದ್ದು. ಆದರೆ ಅದು ಬೇರೆ ರೋಗ. ಇಂದು ಮನೆಮನೆಯ ನಾಯಿಯ ಹಲ್ಲು ಉದುರಿಸುತ್ತಿರುವ ರೋಗವೇ ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಡಬ್ಬಿ ಖಾಲಿಯಾಗುತ್ತದೆ, ಹಲ್ಲೂ ಹೋಗುತ್ತದೆ.

ಜೊಲ್ಲಿನಿಂದ ಕಲ್ಲು

ನಾಯಿಮರಿಗೆ 28 ಹಾಲುಹಲ್ಲುಗಳು. ಆರೇಳು ತಿಂಗಳಾಗುವ ಹೊತ್ತಿಗೆ ಅವೆಲ್ಲ ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ, ಮೇಲೆ 20, ಕೆಳಗೆ 22. ನಮಗಿಂತ ಹತ್ತು ಹೆಚ್ಚು. ಪಾಮೇರಿಯನ್, ಡ್ಯಾಶ್‌ಹೌಂಡ್ ಮುಂತಾದ ಚಿಕ್ಕ ಜಾತಿಯ ನಾಯಿಗಳ ಪುಟ್ಟ ದವಡೆಯಲ್ಲೂ ಇಷ್ಟೇ ಹಲ್ಲುಗಳು ಹಿಡಿಸಬೇಕು. ಸಂತೆಯ ಬಸ್ಸಿನಲ್ಲಿ ಜನ ನಿಂತಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನಡುವೆ ಸಿಕ್ಕಿದ್ದು ಅಲ್ಲೇ ಉಳಿಯುತ್ತದೆ. ಆದ್ದರಿಂದಲೇ ಈ ರೋಗ ಚಿಕ್ಕ ಜಾತಿಗಳಲ್ಲಿ ಹೆಚ್ಚು, ಬೇಗ, ಜೋರು.

ತೊಳೆದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಅಂಟುಪೊರೆ ಕಟ್ಟುತ್ತದೆ. ಅದು ಬರೇ ಅನ್ನದ ಕೊಳೆಯಲ್ಲ. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ಬಿಡಾರ. ಹಳೆಯ ಬಾವಿಯ ಮೆಟ್ಟಿಲ ಮೇಲಿನ ಪಾಚಿಯಂತೆ ಅದು ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಬೆಳೆಯುತ್ತದೆ. ಆಗ ಬಟ್ಟೆಯಿಂದ ಒರೆಸಿದರೂ ಹೋಗುವಂಥದು. ಒರೆಸದಿದ್ದರೆ ಎರಡು ಮೂರು ದಿನಗಳಲ್ಲಿ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಅದರೊಳಗೆ ಇಳಿದು ಗಾರೆಯಂತೆ ಗಟ್ಟಿಯಾಗತೊಡಗುತ್ತದೆ. ಇದೇ ಹಲ್ಲಿನ ಬುಡದಲ್ಲಿ ಕಾಣುವ ಹಳದಿ, ಕಂದು ಬಣ್ಣದ ಕಿಟ್ಟ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರಯುಕ್ತವಾದುದರಿಂದ ಈ ಕಿಟ್ಟ ಅದರ ಬಾಯಲ್ಲಿ ಬೇಗ ಕಟ್ಟುತ್ತದೆ. ಅದೇ ಕಾರಣಕ್ಕೆ ನಮ್ಮ ಮಕ್ಕಳಂತೆ ಹಲ್ಲಿಗೆ ಹುಳುಕು ಹಿಡಿಯುವುದು ನಾಯಿಯಲ್ಲಿ ಅಪರೂಪ. ದೇವರು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದ ಹಾಗೆ.

ಒರಟಾದ ಆ ಕಿಟ್ಟದ ಮೇಲೆ ಮತ್ತೆ ಪೊರೆ, ಮತ್ತೆ ಕಿಟ್ಟ. ವಸಡು ಕೆಂಪಾಗಿ ಊದುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಈ ಹಂತದಲ್ಲಿ ಶುಚಿ ಮಾಡಿದರೆ ವಸಡು ಪೂರ್ಣವಾಗಿ ಮೊದಲಿನಂತಾಗುತ್ತದೆ ಎಂಬುದನ್ನು ನೆನಪಿಡಬೇಕು. ಇದನ್ನು ದಾಟಿದರೆ ಹಿಂದಿರುಗುವ ದಾರಿಯಿಲ್ಲ. ಸೂಕ್ಷ್ಮಜೀವಿಗಳು ಬೇರಿನ ಕಡೆಗೆ ಇಳಿಯುತ್ತವೆ, ಹಲ್ಲನ್ನು ಹಿಡಿದಿರುವ ನಾರು, ಅದರ ಸುತ್ತಣ ಮೂಳೆ ಕರಗುತ್ತವೆ, ಕೀವು ತುಂಬುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಚಿಕ್ಕ ನಾಯಿಗಳಲ್ಲಿ ಕೆಳದವಡೆ ಎಷ್ಟು ಸವೆದಿರುತ್ತದೆಂದರೆ, ಒಮ್ಮೆ ಮಂಚದಿಂದ ಹಾರಿದ್ದಕ್ಕೇ ಅದು ಮುರಿದದ್ದುಂಟು. ಮೇಲಿನ ಕೋರೆಹಲ್ಲಿನ ಬೇರಿನ ಸುತ್ತ ಮೂಳೆ ಹೋದರೆ ಬಾಯಿಗೂ ಮೂಗಿಗೂ ನಡುವೆ ತೂತು ಬಿದ್ದು, ನಾಯಿ ತಿಂದಾಗಲೆಲ್ಲ ಸೀನುತ್ತದೆ, ಮೂಗಿನಿಂದ ಕೊಳೆ ಸುರಿಯುತ್ತದೆ. ಮನೆಯವರು ಅದನ್ನು ನೆಗಡಿ ಎನ್ನುತ್ತಾರೆ.

ನಮ್ಮ ಬೀದಿಯ ರೈಲ್ವೆ ನೌಕರರೊಬ್ಬರ ಮನೆಯಲ್ಲಿ ಏಳು ವರ್ಷದ ಬಿಳಿಯ ಪಾಮೇರಿಯನ್ ಒಂದಿತ್ತು. ಬಾಯಿ ನಾರುತ್ತದೆಂದು ಎಂಟು ತಿಂಗಳು ಸುಣ್ಣದ ಪುಡಿಯನ್ನು ಹಾಲಿಗೆ ಬೆರೆಸಿ ಕೊಟ್ಟರು. ಒಂದು ಬೆಳಗ್ಗೆ ಅದರ ಎಡಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು. "ಚೇಳು ಕಡಿದಿರಬೇಕು ಸಾರ್," ಎಂದರು ಆ ಮನೆಯ ತಾಯಿ. ಅರಿಸಿನ ಸುಣ್ಣ ಕಲಸಿ ಹಚ್ಚಿದ್ದೂ ಆಯಿತು. ಮೂರನೆಯ ದಿನ ಬಾವು ಒಡೆದು ಕೀವು ಬಂತು. ಪಶುವೈದ್ಯರು ತುಟಿ ಎತ್ತಿ ತೋರಿಸಿದಾಗಲೇ ಗೊತ್ತಾದದ್ದು, ಕೆಟ್ಟದ್ದು ಕಣ್ಣಲ್ಲ, ಹಲ್ಲು. ಮೇಲಿನ ದವಡೆಯ ಆ ದೊಡ್ಡ ಹಲ್ಲಿಗೆ ಮೂರು ಬೇರು. ಬೇರಿನ ತುದಿಗಳು ಕಣ್ಣಿನ ಕೆಳಗೇ ಬಂದು ನಿಲ್ಲುತ್ತವೆ. ಬೇರಿನಲ್ಲಿ ಕೀವಾದರೆ ಅದು ಹೊರಗೆ ದಾರಿ ಹುಡುಕುವುದು ಅಲ್ಲಿಯೇ. ಅಷ್ಟು ದಿನವೂ ಆ ನಾಯಿ ಅನ್ನ ತಿನ್ನುತ್ತಿತ್ತು, ಗೇಟಿನ ಬಳಿ ಬೊಗಳುತ್ತಿತ್ತು. ಹಲ್ಲುನೋವಿದ್ದರೂ ನಾಯಿ ಊಟ ಬಿಡುವುದು ತೀರ ಕೊನೆಗೆ. ಅಗಿಯುವುದನ್ನು ಬಿಟ್ಟು ನುಂಗತೊಡಗುತ್ತದೆ, ಒಂದೇ ಮಗ್ಗುಲಲ್ಲಿ ಕಚ್ಚುತ್ತದೆ, ತುತ್ತನ್ನು ಬೀಳಿಸಿ ಮತ್ತೆ ಎತ್ತಿಕೊಳ್ಳುತ್ತದೆ. ನೋಡುವ ಕಣ್ಣಿದ್ದರೆ ಗೊತ್ತಾಗುತ್ತದೆ.

ಜೋಳದ ಸೀಮೆಯ ಕಥೆ

ಇನ್ನು ಆ ಬೇರೆ ರೋಗದ ಕಥೆ. ಚಿಪ್ಪಗಿರಿ ಹರಿದಾಸ ಸಾಹಿತ್ಯ ಬಲ್ಲವರಿಗೆ ಅಪರಿಚಿತ ಊರೇನಲ್ಲ. ವಿಜಯದಾಸರು 1755ರಲ್ಲಿ ದೇಹವಿಟ್ಟ ಕ್ಷೇತ್ರ, ಕಾರ್ತಿಕ ಶುದ್ಧ ದಶಮಿಗೆ ಇಲ್ಲಿ ಅವರ ಆರಾಧನೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ತರುವಾಯ ಕಾಸರಗೋಡಿಗೆ ಒದಗಿದ ಅನುಭವ ನಮಗೆ ಮೊದಲೇ ಒದಗಿತ್ತು. ಇದು ಮಳೆ ಕಡಿಮೆಯ ನಾಡು. ಕಾಸರಗೋಡಿನಲ್ಲಿ ಗಂಜಿಯೂಟ ಹೇಗೋ ಇಲ್ಲಿ ಜೋಳದ ರೊಟ್ಟಿ ಹಾಗೆ. ಜೋಳವೆಂದರೆ ಮೆಕ್ಕೆಜೋಳವಲ್ಲ, ಬಿಳಿಜೋಳ. ಈ ಎರಡರ ವ್ಯತ್ಯಾಸ ಮುಂದಿನ ಮಾತಿಗೆ ಮುಖ್ಯವಾದುದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗ ಹಬ್ಬಿತ್ತು. ಬಿಸಿಲು ತಾಗುವ ಕಡೆ ಚರ್ಮ ಸುಟ್ಟಂತೆ ಕಪ್ಪಾಗುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಮರಣ. ಸಾಂಕ್ರಾಮಿಕವೆಂದು ಎಲ್ಲರೂ ಹೆದರಿದ್ದರು. 1914ರಲ್ಲಿ ಸರಕಾರದ ಕಡೆಯಿಂದ ತನಿಖೆಗೆ ಹೋದ ಡಾ. ಜೋಸೆಫ್ ಗೋಲ್ಡ್‌ಬರ್ಗರ್, ಇದು ಅಂಟುಜಾಡ್ಯವಲ್ಲ, ಊಟದ ಕೊರತೆ ಎಂದು ತೋರಿಸಿದರು. ಅದೇ ಸೀಮೆಯ ನಾಯಿಗಳಿಗೆ ಇನ್ನೊಂದು ಕಾಯಿಲೆ ಬರುತ್ತಿತ್ತು. ನಾಯಿ ಊಟ ಬಿಡುತ್ತದೆ, ತುಟಿ, ಕೆನ್ನೆಯ ಒಳಭಾಗ, ವಸಡು ಕೆಂಪೇರಿ ಹುಣ್ಣಾಗುತ್ತವೆ, ನಾರುವ ಜೊಲ್ಲು ಹಗ್ಗದಂತೆ ಇಳಿಯುತ್ತದೆ, ನಾಲಿಗೆ ನೀಲಿಗಪ್ಪಾಗುತ್ತದೆ, ರಕ್ತಭೇದಿಯಾಗಿ ಸಾಯುತ್ತದೆ. ಕಪ್ಪುನಾಲಿಗೆ ಎಂದೇ ಅದರ ಹೆಸರು. ಮನುಷ್ಯರ ಪೆಲ್ಲಾಗ್ರವನ್ನು ತಡೆಯುವ ಆಹಾರವೇ ನಾಯಿಯ ಕಪ್ಪುನಾಲಿಗೆಯನ್ನೂ ತಡೆಯುತ್ತದೆಂದು ಗೋಲ್ಡ್‌ಬರ್ಗರ್ ಕಂಡುಕೊಂಡರು. ಆ ಆಹಾರದಲ್ಲಿರುವ ವಸ್ತು ಯಾವುದೆಂಬುದು ಮಾತ್ರ 1929ರಲ್ಲಿ ಅವರು ತೀರಿಕೊಳ್ಳುವವರೆಗೂ ಸಿಕ್ಕಲಿಲ್ಲ.

ಸಿಕ್ಕಿದ್ದು 1937ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್ಯೆಮ್ ಮತ್ತು ಸಂಗಡಿಗರು ನಿಕೋಟಿನಿಕ್ ಆಮ್ಲವನ್ನು ಕಪ್ಪುನಾಲಿಗೆಯ ನಾಯಿಗೆ ಕೊಟ್ಟರು. ಊಟ ಬಿಟ್ಟಿದ್ದ ನಾಯಿ ಮತ್ತೆ ತಿನ್ನತೊಡಗಿತು, ಬಾಯಿಯ ಹುಣ್ಣು ಮಾಯಿತು. ಇದನ್ನೇ ಇಂದು ನಿಯಾಸಿನ್ ಎನ್ನುತ್ತಾರೆ, ಬಿ ಜೀವಸತ್ವಗಳ ಗುಂಪಿನದು. ಹಿಂದೆ ಹೊಗೆಸೊಪ್ಪಿನ ನಿಕೋಟಿನ್‌ನಿಂದ ಇದನ್ನು ತಯಾರಿಸಿದ್ದರಿಂದ ಆ ಹೆಸರು ಬಂತೇ ಹೊರತು, ಹೊಗೆಸೊಪ್ಪು ತಿಂದರೆ ಈ ಜೀವಸತ್ವ ಸಿಕ್ಕುವುದಿಲ್ಲ. ಹಾಗೆ ತಿಳಿದು ಯಾರೂ ಸಂತೋಷಪಡಬೇಕಾಗಿಲ್ಲ. ನಾಯಿಯ ಬಾಯಿಯ ಹುಣ್ಣಿನಿಂದ ಹೊರಟ ಈ ಶೋಧ ಅಸಂಖ್ಯ ಮನುಷ್ಯರ ಪ್ರಾಣ ಉಳಿಸಿತು.

ಈಗ ನಮ್ಮ ಜೋಳದ ಸರದಿ. ಕೂನೂರಿನಲ್ಲಿ 1918ರಲ್ಲಿ ಮೊದಲಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯ (1969ರಿಂದ ಅದು ರಾಷ್ಟ್ರೀಯ ಪೋಷಣ ಸಂಸ್ಥೆ) ಒಂದು ವಿಚಿತ್ರವನ್ನು ಗಮನಿಸಿತು. ದಖ್ಖನ್ ಪ್ರಸ್ಥಭೂಮಿಯ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರ ಇತ್ತು. ಆದರೆ ಅವರು ಮೆಕ್ಕೆಜೋಳ ತಿನ್ನುವವರಲ್ಲ, ಬಿಳಿಜೋಳದವರು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಎಂಬ ಪ್ರೋಟೀನಿನ ಘಟಕ ಕಡಿಮೆ. ದೇಹ ಅದರಿಂದಲೇ ತನಗೆ ಬೇಕಾದ ನಿಯಾಸಿನ್‌ನಲ್ಲಿ ಒಂದಷ್ಟನ್ನು ಮಾಡಿಕೊಳ್ಳುವುದು. ಬಿಳಿಜೋಳದಲ್ಲಿ ಅದಕ್ಕೆ ಅಂಥ ಕೊರತೆಯಿಲ್ಲ. ಮತ್ತೇಕೆ ರೋಗ? ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಘಟಕ ಹೆಚ್ಚಾಗಿದ್ದು, ಅದು ನಿಯಾಸಿನ್ ತಯಾರಿಗೆ ಅಡ್ಡಬರುತ್ತದೆಂದು ಡಾ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಪ್ರತಿಪಾದಿಸಿದರು. 1965ರಲ್ಲಿ ಬಿ. ಬೆಳವಾಡಿ ಮತ್ತು ಗೋಪಾಲನ್, ಜೋಳ ಪ್ರಧಾನವಾದ ಆಹಾರದ ಮೇಲೆ ಸಾಕಿದ ನಾಯಿಗಳಲ್ಲಿ ಕಪ್ಪುನಾಲಿಗೆ ಕಾಣಿಸಿಕೊಂಡದ್ದನ್ನು ಪ್ರಕಟಿಸಿದರು. ಲ್ಯೂಸಿನ್ ವಾದದ ಬಗ್ಗೆ ಮುಂದೆ ತಜ್ಞರಲ್ಲಿ ಚರ್ಚೆ ನಡೆಯಿತು; ಜೋಳವೊಂದನ್ನೇ ನೆಚ್ಚಿದ ಬಾಯಿಗೆ ಅಪಾಯವಿದೆಯೆಂಬ ಸಂಗತಿ ಉಳಿಯಿತು.

ಹಾಗಾದರೆ ನಮ್ಮ ಕುರಿಗಾರರ ನಾಯಿಗಳೆಲ್ಲ ಸಾಯಬೇಕಿತ್ತಲ್ಲ? ಸತ್ತಿಲ್ಲ. ಅವು ರೊಟ್ಟಿಯ ಜೊತೆಗೆ ಮಜ್ಜಿಗೆ ಕುಡಿಯುತ್ತವೆ, ಕುರಿ ಕೊಯ್ದ ದಿನ ಕರುಳು ತಿನ್ನುತ್ತವೆ, ಹೊಲದಲ್ಲಿ ಇಲಿ ಹಿಡಿಯುತ್ತವೆ. ಮಾಂಸದಲ್ಲಿ, ಪಿತ್ತಜನಕಾಂಗದಲ್ಲಿ ನಿಯಾಸಿನ್ ಧಾರಾಳ. ಕಾಸರಗೋಡಿನ ನಾಯಿಗಂತೂ ಈ ಭಯವೇ ಇಲ್ಲ. ಬೂತಾಯಿ, ಬಂಗುಡೆಯ ತಲೆ ಬಾಲ ಬೆರೆಸಿದ ಕುಚ್ಚಲಕ್ಕಿ ಅನ್ನ ತಿನ್ನುವ ಪ್ರಾಣಿಗೆ ನಿಯಾಸಿನ್ ಎಲ್ಲಿಯ ಕೊರತೆ? ಭತ್ತವನ್ನು ಕುದಿಸಿ ಒಣಗಿಸಿ ಕುಟ್ಟುವುದರಿಂದ ತೌಡಿನ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿದು ಉಳಿಯುತ್ತವೆ. ನಮ್ಮ ಹಿರಿಯರ ಕುಚ್ಚಲಕ್ಕಿ ಮನುಷ್ಯನಿಗೂ ನಾಯಿಗೂ ಒಂದು ಆಸ್ತಿ. ಇಂದು ಅಂಗಡಿಯಲ್ಲಿ ಮಾರುವ ನಾಯಿಯ ಆಹಾರಕ್ಕೆ ನಿಯಾಸಿನ್ ಬೆರೆಸಿಯೇ ಇರುತ್ತಾರೆ. ಹೀಗಾಗಿ ಕಪ್ಪುನಾಲಿಗೆ ಈಗ ಬಹುಮಟ್ಟಿಗೆ ಪುಸ್ತಕದ ರೋಗ. ಕೊರತೆಯೇ ಇಲ್ಲದ ಕಡೆ ಕೊರತೆಯ ಔಷಧ ಏನು ಮಾಡೀತು?

ಡಬ್ಬಿಗಳ ವಿಚಾರ

ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಸುಣ್ಣದ, ಅಂದರೆ ಕ್ಯಾಲ್ಸಿಯಂ ಪುಡಿ. ಹಲ್ಲು ಸುಣ್ಣದಿಂದಾದದ್ದು, ಆದ್ದರಿಂದ ಸುಣ್ಣ ತಿಂದರೆ ಹಲ್ಲು ಗಟ್ಟಿಯಾದೀತು ಎಂಬ ತರ್ಕ ಕೇಳಲು ಸೊಗಸು. ಆದರೆ ಹಲ್ಲಿನ ಹೊರಗವಚ ಹಲ್ಲು ವಸಡಿನಿಂದ ಹೊರಬರುವ ಮೊದಲೇ ಪೂರ್ತಿಯಾಗಿರುತ್ತದೆ. ಬೆಳೆದ ನಾಯಿಗೆ ಎಷ್ಟು ಪುಡಿ ತಿನ್ನಿಸಿದರೂ ಅದಕ್ಕೆ ಒಂದು ಪದರವೂ ಕೂಡುವುದಿಲ್ಲ, ವಸಡಿನ ಕೊಳೆಯೂ ಕರಗುವುದಿಲ್ಲ. ಪುಡಿ ಬೇಕಾಗುವ ಸಂದರ್ಭ ಇಲ್ಲವೆಂದಲ್ಲ. ಎಲುಬಿಲ್ಲದ ಮಾಂಸ ಮತ್ತು ಅನ್ನ ಇಷ್ಟನ್ನೇ ತಿಂದು ಬೆಳೆಯುವ ಮರಿಗೆ ಸುಣ್ಣದ ಕೊರತೆಯಾಗಿ, ದೇಹವು ಮೂಳೆಯಿಂದಲೇ ಸುಣ್ಣವನ್ನು ಸೆಳೆದುಕೊಂಡು, ದವಡೆ ರಬ್ಬರಿನಂತೆ ಮೆತ್ತಗಾಗುವುದುಂಟು. ಅಂಥಲ್ಲಿ ವೈದ್ಯರೇ ಅಳತೆ ಹೇಳಿ ಕೊಡಿಸುತ್ತಾರೆ. ಅಳತೆ ತಪ್ಪಿದರೂ ಕೇಡು: ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಎಂಬ ದೊಡ್ಡ ಜಾತಿಯ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಅವುಗಳ ಮೂಳೆ ಬೆಳವಣಿಗೆಯೇ ಕೆಟ್ಟದ್ದು 1985ರಲ್ಲಿ ವರದಿಯಾಯಿತು. ಆಲ್ಸೇಶಿಯನ್, ಲ್ಯಾಬ್ರಡಾರ್ ಮರಿ ತಂದವರು ಇದನ್ನು ಗಮನಿಸಬೇಕು.

ನೆಲ್ಲಿಕಾಯಿ, ನಿಂಬೆರಸ, ಸಿ ಜೀವಸತ್ವದ ಮಾತ್ರೆ ಕೊಡುವವರೂ ಇದ್ದಾರೆ. ಪಾಠಪುಸ್ತಕದಲ್ಲಿ ನಾವೇ ಮಕ್ಕಳಿಗೆ ಕಲಿಸುತ್ತೇವೆ: ಸಿ ಜೀವಸತ್ವ ಇಲ್ಲದಿದ್ದರೆ ವಸಡಿನಲ್ಲಿ ರಕ್ತ ಬರುತ್ತದೆ ಎಂದು. ಮನುಷ್ಯನಿಗೆ ಅದು ಸತ್ಯ. ನಾಯಿ ಮಾತ್ರ ಈ ಜೀವಸತ್ವವನ್ನು ತನ್ನ ಪಿತ್ತಜನಕಾಂಗದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ನಮಗೂ ಮಂಗಗಳಿಗೂ ಗಿನಿಯಿಲಿಗೂ ಆ ವಿದ್ಯೆ ಇಲ್ಲ. ನಮ್ಮ ಬಡತನವನ್ನು ನಾಯಿಗೆ ಆರೋಪಿಸಬೇಕಾಗಿಲ್ಲ.

ಕಡಲಕಳೆಯ ಪುಡಿಯ ಮಾತು ಸ್ವಲ್ಪ ಬೇರೆ. ಉತ್ತರ ಅಟ್ಲಾಂಟಿಕ್ ಕರಾವಳಿಯ ಆಸ್ಕೊಫಿಲ್ಲಮ್ ಎಂಬ ಕಂದು ಕಳೆಯನ್ನು ಬೆರೆಸಿದ ತಿನಿಸನ್ನು 60 ನಾಯಿಗಳ ಪ್ರಯೋಗವೊಂದರಲ್ಲಿ 90 ದಿನ ಕೊಟ್ಟು ನೋಡಿ, ಪೊರೆಯೂ ಕಿಟ್ಟವೂ ಕಡಿಮೆ ಕಟ್ಟಿದವೆಂದು 2018ರಲ್ಲಿ ಪ್ರಕಟಿಸಿದ್ದಾರೆ. ಆದರೆ ಹಲ್ಲುಗಳನ್ನು ಮೊದಲು ವೈದ್ಯರು ಶುದ್ಧಗೊಳಿಸಿದ ನಂತರದ ಫಲ ಅದು. ಗುಡಿಸಿದ ಅಂಗಳದಲ್ಲಿ ಕಸ ನಿಧಾನವಾಗಿ ಸೇರಿತು ಎನ್ನುವುದು ಬೇರೆ, ಹಳೆಯ ತಿಪ್ಪೆ ಕರಗಿತು ಎನ್ನುವುದು ಬೇರೆ. ಈ ಕಳೆಯಲ್ಲಿ ಅಯೋಡಿನ್ ಹೆಚ್ಚು. ಥೈರಾಯ್ಡ್ ತೊಂದರೆಯಿರುವ ನಾಯಿಗೆ ಕೇಳದೆ ಕೊಡಬಾರದು. ಕೆಲವು ಜಗಿಯುವ ಕಡ್ಡಿಗಳಿಗೆ ಪಾಲಿಫಾಸ್ಫೇಟ್ ಎಂಬ ಲವಣವನ್ನು ಲೇಪಿಸುತ್ತಾರೆ. ಅದು ಜೊಲ್ಲಿನ ಸುಣ್ಣವನ್ನು ಕಟ್ಟಿಹಾಕಿ ಪೊರೆ ಗಾರೆಯಾಗದಂತೆ ತಡೆಯುತ್ತದೆ. ತಮಾಷೆ ನೋಡಿ: ಸ್ವಲ್ಪವಾದರೂ ಫಲಕೊಡುವ ವಸ್ತು ಬಾಯಿಯ ಸುಣ್ಣವನ್ನು ಹಿಡಿದಿಡುವಂಥದು, ನಾವು ಕೊಂಡುತರುವುದು ಸುಣ್ಣವನ್ನು!

ಯಾವ ತಿನಿಸು ಫಲಕಾರಿ ಎಂದು ಪರಿಶೀಲಿಸಿ ಮುದ್ರೆ ಒತ್ತುವ ಪಶುವೈದ್ಯ ಬಾಯಿ ಆರೋಗ್ಯ ಮಂಡಳಿಯೊಂದು 1997ರಿಂದ ಅಮೆರಿಕದಲ್ಲಿದೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ವಿ, ಓ, ಎಚ್, ಸಿ. ಡಬ್ಬಿಯ ಮೇಲೆ ಆ ನಾಲ್ಕು ಅಕ್ಷರಗಳಿವೆಯೇ ನೋಡಲು ಮಗುವಿಗೆ ಹೇಳಬಹುದು. ಆ ಮುದ್ರೆಯ ಅರ್ಥವೂ ಕಿಟ್ಟ ಕಟ್ಟುವುದನ್ನು ಕಡಿಮೆ ಮಾಡುತ್ತದೆ ಎಂಬಷ್ಟೇ.

ರೊಟ್ಟಿ, ಎಲುಬು, ಬ್ರಷ್ಷು

"ಕಟಕ್ ರೊಟ್ಟಿ ತಿನ್ನೋ ನಾಯಿಗೆ ಹಲ್ಲಿನ ರೋಗ ಎಲ್ಲಿಂದ ಬರ್ತೈತೆ ಸಾರ್?" ಎಂದು ನಮ್ಮ ಕುರಿಗಾರ ಹಿರಿಯರೊಬ್ಬರು ಕೇಳಿದ್ದರು. ಗಟ್ಟಿ ಆಹಾರ ಹಲ್ಲನ್ನು ತಿಕ್ಕುತ್ತದೆಂಬ ನಂಬಿಕೆ ಎಲ್ಲ ಕಡೆಯೂ ಇದೆ. ಒಣರೊಟ್ಟಿಯಾಗಲಿ ಬಿಸ್ಕತ್ತಾಗಲಿ ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗಿಬಿಡುತ್ತದೆ; ರೋಗವಿರುವ ಬುಡದ ತನಕ ಅದು ಹೋಗುವುದೇ ಇಲ್ಲ. ಬೇಟೆಯಾಡಿ ತಿನ್ನುವ ಆಫ್ರಿಕದ ಕಾಡುನಾಯಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದವರು ಅವುಗಳಲ್ಲೂ ವಸಡಿನ ರೋಗದ ಗುರುತು ಕಂಡಿದ್ದಾರೆ. ಹಳ್ಳಿಯ ನಾಯಿಗೆ ಈ ರೋಗವಿಲ್ಲವೆಂದು ನಾವು ಹೇಳುವುದು ಅದರ ತುಟಿಯನ್ನು ಎತ್ತಿ ನೋಡಿದವರು ಯಾರೂ ಇಲ್ಲದ್ದರಿಂದ.

ಎಲುಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಬೇಯಿಸಿದ ಎಲುಬು ಚೂರಾಗಿ ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ. ದೊಡ್ಡ ಗಟ್ಟಿ ಎಲುಬು ಮೊದಲೇ ಹೇಳಿದ ಆ ಮೂರು ಬೇರಿನ ಹಲ್ಲನ್ನು ಸೀಳುತ್ತದೆ. ತೆಂಗಿನ ಚಿಪ್ಪು, ಕಲ್ಲು ಕಚ್ಚುವ ಚಟವೂ ಹಾಗೆಯೇ. ಉಗುರು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತಗಿರುವುದನ್ನು ಮಾತ್ರ ನಾಯಿಗೆ ಜಗಿಯಲು ಕೊಡಬೇಕೆಂಬುದು ಪಶುದಂತವೈದ್ಯರ ಸರಳ ಪರೀಕ್ಷೆ.

ಉಳಿದದ್ದು ಬ್ರಷ್ಷು. ನಗಬೇಡಿ. ದಿನಕ್ಕೊಮ್ಮೆ ಆ ಅಂಟುಪೊರೆಯನ್ನು ಒರೆಸಿ ತೆಗೆಯುವುದಕ್ಕಿಂತ ಉತ್ತಮವಾದ ಉಪಾಯ ಇದುವರೆಗೆ ಬಂದಿಲ್ಲ. ಎರಡು ಮೂರು ದಿನಗಳಲ್ಲಿ ಪೊರೆ ಕಲ್ಲಾಗುವುದರಿಂದ ಭಾನುವಾರಕ್ಕೊಮ್ಮೆ ಉಜ್ಜಿದರೆ ಸಾಲದು. ಮರಿಯಾಗಿದ್ದಾಗಲೇ ಆರಂಭಿಸಬೇಕು. ಮೊದಲ ವಾರ ತುಟಿ ಎತ್ತಿ ಬೆರಳು ಸವರುವುದು, ಆಮೇಲೆ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ, ಆಮೇಲೆ ಮಕ್ಕಳ ಮೆತ್ತನೆಯ ಬ್ರಷ್ಷು. ಹಲ್ಲಿನ ಹೊರಬದಿಯನ್ನು, ವಸಡಿನ ಅಂಚಿನಲ್ಲಿ ಉಜ್ಜಿದರೆ ಸಾಕು. ಒಳಬದಿಯನ್ನು ನಾಲಿಗೆ ಸ್ವಲ್ಪಮಟ್ಟಿಗೆ ನೋಡಿಕೊಳ್ಳುತ್ತದೆ. ಬರೇ ನೀರು ಸಾಕು, ಅಥವಾ ನಾಯಿಗೆಂದೇ ಮಾಡಿದ ಪೇಸ್ಟು. ನಮ್ಮ ಪೇಸ್ಟು ಖಂಡಿತ ಬೇಡ: ನಾಯಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡನ್ನೂ ನೊರೆಯನ್ನೂ ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿ, ಸಕ್ಕರೆಯಿಲ್ಲದ ಮಿಠಾಯಿಗಳಲ್ಲಿ ಇರುವ ಜೈಲಿಟಾಲ್ ಎಂಬ ಸಿಹಿವಸ್ತು ನಾಯಿಗೆ ವಿಷ. ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸಿ, ಪಿತ್ತಜನಕಾಂಗವನ್ನು ಕೆಡಿಸಿ ಕೊಲ್ಲಬಲ್ಲದು. ಉಪ್ಪು ಇದ್ದಿಲು ತಿಕ್ಕುವುದೂ ಬೇಡ. ವಸಡು ಈಗಾಗಲೇ ಊದಿ ನೋಯುತ್ತಿದ್ದರೆ ಮೊದಲು ವೈದ್ಯರು, ಬ್ರಷ್ಷು ಆಮೇಲೆ.

ಕಲ್ಲಾದ ಕಿಟ್ಟವನ್ನು ಮನೆಯಲ್ಲಿ ಚಾಕುವಿನಿಂದ ಕೆರೆಯುವವರಿದ್ದಾರೆ. ಹೊರಗಿನದು ಬಿದ್ದು ಹಲ್ಲು ಬೆಳ್ಳಗೆ ಕಾಣುತ್ತದೆ. ರೋಗವಿರುವುದು ವಸಡಿನ ಕೆಳಗೆ. ಅಲ್ಲಿ ಶುದ್ಧ ಮಾಡಬೇಕಾದರೆ ನಾಯಿಗೆ ಪೂರ್ಣ ಅರಿವಳಿಕೆ ಕೊಡಲೇಬೇಕು, ಅದು ಆಸ್ಪತ್ರೆಯ ಕೆಲಸ. ಎಲ್ಲ ಪಶು ಆಸ್ಪತ್ರೆಗಳಲ್ಲಿ ಇದರ ಸೌಕರ್ಯವಿಲ್ಲ. ಎಲ್ಲಿದೆಯೆಂದು ಊರಿನ ಪಶುವೈದ್ಯರನ್ನೇ ಕೇಳಬೇಕು.

ಇಲ್ಲಿ ಗಡಿನಾಡಿನವರಿಗೆ ಇನ್ನೊಂದು ತೊಡಕು. ಮನುಷ್ಯ ರೋಗಿಯಾದರೆ ಕೈಸನ್ನೆಯಿಂದಲಾದರೂ ತೋರಿಸಿಯಾನು. ನಾಯಿಯ ಪರವಾಗಿ ಮಾತಾಡಬೇಕಾದವರು ನಾವು, ಅದೂ ವೈದ್ಯರ ಭಾಷೆಯಲ್ಲಿ. ಕನ್ನಡದ ವಸಡಿಗೆ ಮಲಯಾಳದಲ್ಲಿ ಮೋಣ, ಬಾಯಿನಾತಕ್ಕೆ ವಾಯ್‌ನಾಟ್ಟಂ, ಕೀವಿಗೆ ಪಳುಪ್ಪ್. ತೆಲುಗಿನಲ್ಲಿ ವಸಡು ಎಂದರೆ ಚಿಗುಳ್ಳು, ಕೀವು ಎಂದರೆ ಚೀಮು. ನಮ್ಮ ಕನ್ನಡ ಶಾಲೆಯ ಹುಡುಗನೊಬ್ಬ ನಾಯಿಯ ಚಿಗುಳ್ಳು ಎಂಬುದನ್ನು ಗಿಡದ ಚಿಗುರು ಎಂದು ತಿಳಿದು, ನಾಯಿ ಎಲೆ ತಿಂದಿಲ್ಲ ಎಂದು ವೈದ್ಯರಿಗೆ ಉತ್ತರ ಕೊಟ್ಟಿದ್ದ. ತೆಲುಗಿನಲ್ಲೂ ಚಿಗುರು ಚಿಗುರೇ, ವಸಡೂ ಅದರ ನಂಟಿನದೇ, ಹುಡುಗನದು ತಪ್ಪೆನ್ನುವಂತಿಲ್ಲ. ಎಂದಿನಿಂದ ವಾಸನೆ, ಯಾವ ಮಗ್ಗುಲಲ್ಲಿ ಅಗಿಯುತ್ತದೆ, ರಕ್ತ ಕಂಡದ್ದುಂಟೇ, ಈವರೆಗೆ ಯಾವ ಡಬ್ಬಿ ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದೊಯ್ದು, ಖಾಲಿ ಡಬ್ಬಿಯನ್ನೂ ಜೊತೆಗೆ ಒಯ್ದರೆ ಅರ್ಧ ಕೆಲಸವಾದಂತೆ.

ಬಾಯಿ ನೋಡುವ ಮೊದಲು

ತುಟಿ ಎತ್ತಿ ನೋಡಿ ಎಂದು ಇಷ್ಟು ಬರೆದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ಅಪರಾಧವಾದೀತು. ಜೊಲ್ಲು ಸುರಿಸುತ್ತ, ಕೆಳದವಡೆ ಜೋತುಬಿದ್ದು, ನುಂಗಲಾರದೆ, ಕೂಗು ಬದಲಾಗಿರುವ ನಾಯಿಯನ್ನು ಕಂಡರೆ ಹಲ್ಲುನೋವೆಂದೋ ಗಂಟಲಿಗೆ ಎಲುಬು ಸಿಕ್ಕಿತೆಂದೋ ಭಾವಿಸಿ ಬಾಯೊಳಗೆ ಕೈಹಾಕಬಾರದು. ಹುಚ್ಚುನಾಯಿ ರೋಗದ ಮೂಕ ರೂಪ ಹೀಗೆಯೇ ಇರುತ್ತದೆ. ಅದು ಬೊಗಳಿ ಅಟ್ಟಿಸಿಕೊಂಡು ಬರಲೇಬೇಕೆಂದಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತೂ ಸಾಯಬಹುದು. ಅದರ ಜೊಲ್ಲು ಕೈಯ ಸಣ್ಣ ಗೀರಿಗೆ ತಾಗಿದರೂ ಅಪಾಯ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ತಾಗಿದ್ದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ವರ್ಷವರ್ಷ ಲಸಿಕೆ ಹಾಕಿಸಿದ, ಮನೆಯಲ್ಲೇ ಇರುವ, ನಿಮ್ಮ ಕೈಗೆ ಒಗ್ಗಿದ ನಾಯಿಯ ತುಟಿಯನ್ನು ಮಾತ್ರ ನೀವು ಎತ್ತಬಹುದು. ಉಳಿದದ್ದನ್ನು ವೈದ್ಯರಿಗೆ ಬಿಡಿ.

ಕಣ್ಣಿನ ಕೆಳಗೆ ಬಾವು ಬಂದಿದ್ದ ಆ ಪಾಮೇರಿಯನ್‌ಗೆ ದೂರದ ಊರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಒಂಬತ್ತು ಹಲ್ಲು ತೆಗೆದರು. ಹಲ್ಲಿಲ್ಲದೆ ಅದು ಹೇಗೆ ಬದುಕೀತೆಂದು ಮನೆಯವರಿಗೆ ಚಿಂತೆ. ನಾಯಿಗೆ ಕಟ್ಟುಹಲ್ಲು ಬೇಕಾಗುವುದಿಲ್ಲ. ಮೆತ್ತನೆಯದನ್ನು ಅದು ನುಂಗಿಯೇ ಅರಗಿಸಿಕೊಳ್ಳುತ್ತದೆ, ಕೊಳೆತ ಹಲ್ಲಿಗಿಂತ ಹಲ್ಲಿಲ್ಲದ ವಸಡೇ ಅದಕ್ಕೆ ಸುಖ. ಈಗ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಗೆ ಒಂದು ಮೊಟ್ಟೆ ಕಿವುಚಿ ಹಾಕುತ್ತಾರೆ. ಉಳಿದ ಹಲ್ಲುಗಳನ್ನು ಸಂಜೆ ಶಾಲೆ ಬಿಟ್ಟು ಬಂದ ಮನೆಯ ಹುಡುಗಿ ಉಜ್ಜುತ್ತಾಳೆ. ಸುಣ್ಣದ ಪುಡಿಯ ಖಾಲಿ ಡಬ್ಬಿಯಲ್ಲಿ ಆ ತಾಯಿ ಸಾಸಿವೆ ತುಂಬಿಟ್ಟಿದ್ದಾರೆ.